ಸಫಾರಿಯಲ್ಲಿ ಪೆಟ್ಟಾದರೆ ಬಿಲ್ ಯಾರು ಕಟ್ತಾರೆ? ರಜೆಗೆ ಕೀನ್ಯಾ ಹೊರಟವರು ತಿಳಿದಿರಬೇಕಾದ ಲೆಕ್ಕ

ನೈರೋಬಿ ಪೇಟೆಯಿಂದ ಹೊಳೆ ದಾಟಿ ಉತ್ತರಕ್ಕೆ ಬಂದರೆ ಸಿಗುವ ಬಡಾವಣೆ ನ್ಗಾರಾ. 1896ರಿಂದ 1901ರವರೆಗೆ ಮೊಂಬಾಸಾದಿಂದ ರೈಲು ಹಳಿ ಹಾಕಲು ಬ್ರಿಟಿಷರು ಭಾರತದಿಂದ ಸುಮಾರು 32,000 ಕೂಲಿಕಾರರನ್ನು ಕರೆತಂದಿದ್ದರು. ಅವರಲ್ಲಿ ಇಲ್ಲೇ ಉಳಿದವರು, ಅವರ ಹಿಂದೆ ವ್ಯಾಪಾರಕ್ಕೆ ಬಂದವರು ಮನೆ ಮಾಡಿಕೊಂಡ ಜಾಗಗಳಲ್ಲಿ ನ್ಗಾರಾವೂ ಒಂದು. ಗುರುನಾನಕ್ ರಾಮ್‌ಗಢಿಯಾ ಸಿಖ್ ಆಸ್ಪತ್ರೆ ಇರುವುದು ಇದೇ ಭಾಗದಲ್ಲಿ. ಥೀಕಾ ರಸ್ತೆ ಹಿಡಿದು ಮೌಂಟ್ ಕೀನ್ಯಾ ಕಡೆಗೆ ಹೊರಡುವ ಟೂರಿಸ್ಟ್ ವ್ಯಾನ್‌ಗಳು ಇದರ ಪಕ್ಕದಲ್ಲೇ ಹಾದು ಹೋಗುತ್ತವೆ.

ಈಗ ಆ ವ್ಯಾನ್‌ಗಳಲ್ಲಿ ಗಲ್ಫ್‌ನಿಂದ ಬಂದ ನಮ್ಮವರೂ ಇರ್ತಾರೆ. ದೋಹಾ, ದುಬೈಯಿಂದ ನೈರೋಬಿಗೆ ಐದಾರು ಗಂಟೆ ವಿಮಾನ. ಈದ್ ರಜೆಗೆ ಊರಿಗೆ ಹೋಗೋ ಟಿಕೆಟ್ ದುಬಾರಿ ಅನಿಸಿದಾಗ ನಾಲ್ಕೈದು ಕುಟುಂಬಗಳು ಸೇರಿ ಕೀನ್ಯಾ ಪ್ಯಾಕೇಜ್ ಮಾಡುವುದು ಈಗ ಸಾಮಾನ್ಯ. ಸಿಂಹ, ಜಿರಾಫೆ, ಜಲಪಾತ ನೋಡಿ ವಾರದೊಳಗೆ ವಾಪಸ್. ಎಲ್ಲ ಸರಿಯಾಗಿ ನಡೆದರೆ ಇದಕ್ಕಿಂತ ಒಳ್ಳೆ ರಜೆ ಇಲ್ಲ.

2025ರ ಜೂನ್ 9ರಂದು ಎಲ್ಲವೂ ಸರಿಯಾಗಿ ನಡೆಯಲಿಲ್ಲ. ಕತಾರ್‌ನಿಂದ ಈದ್ ರಜೆಗೆ ಬಂದಿದ್ದ 28 ಭಾರತೀಯರ ತಂಡದ ಬಸ್ಸು ನ್ಯಾಂಡರುವಾ ಕೌಂಟಿಯಲ್ಲಿ, ನ್ಯಾಹುರುರು ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನಿಯಂತ್ರಣ ತಪ್ಪಿ ಉರುಳಿತು. ಆ ಹೊತ್ತಿಗೆ ಮಳೆ ಇತ್ತು. ತಂಡದಲ್ಲಿ ಕೇರಳದವರ ಜೊತೆ ಕರ್ನಾಟಕ, ಗೋವಾ ಮೂಲದವರೂ ಇದ್ದರೆಂದು ವರದಿಯಾಗಿತ್ತು. ಕೇರಳ ಮೂಲದ ಐವರು ತೀರಿಕೊಂಡರು. ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಗಾಯಾಳುಗಳನ್ನು ಮೊದಲು ನ್ಯಾಹುರುರು ಆಸ್ಪತ್ರೆಗೆ, ಅಲ್ಲಿಂದ ನೈರೋಬಿಗೆ ತರಲಾಯಿತು. ಮೃತದೇಹಗಳು ಕೊಚ್ಚಿ ತಲುಪಿದ್ದು ಜೂನ್ 15ಕ್ಕೆ.

ಆ ಸುದ್ದಿ ಗಲ್ಫ್‌ನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡಿತು. ಆದರೆ ಸುದ್ದಿ ತಣ್ಣಗಾದ ಮೇಲೆ ಉಳಿಯುವ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಹೊರದೇಶದಲ್ಲಿ, ಗೈಡ್ ಕರೆದುಕೊಂಡು ಹೋದ ಜಾಗದಲ್ಲಿ ಕೈಕಾಲು ಮುರಿದರೆ ಆಸ್ಪತ್ರೆ ಬಿಲ್ ಯಾರದು? ಸಂಬಳ ಬರುತ್ತಾ? ಊರಿಗೆ ಹೋಗುವ ದುಡ್ಡು ನಿಲ್ಲುತ್ತಾ?

ಗೈಡ್ ಇದ್ದಾನೆ ಅಂದ ಮಾತ್ರಕ್ಕೆ ಆಗಲ್ಲ

"ಗೈಡ್ ಜೊತೆಗಿದ್ದ, ಏನಾದರೂ ಆದರೆ ಕಂಪನಿ ನೋಡ್ಕೊಳ್ಳುತ್ತೆ" ಎನ್ನುವುದು ಬಹಳ ಜನರ ನಂಬಿಕೆ. ಇದರಲ್ಲಿ ಅರ್ಧ ಮಾತ್ರ ನಿಜ. ದಾರಿ ತೋರಿಸುವುದು, ಎಚ್ಚರಿಕೆ ಕೊಡುವುದು, ಪೆಟ್ಟಾದಾಗ ಆಸ್ಪತ್ರೆಗೆ ತಲುಪಿಸುವುದು ಗೈಡ್ ಕೆಲಸ. ಬಿಲ್ ಕಟ್ಟುವುದು ಅವನ ಕೆಲಸವಲ್ಲ. ಟೂರ್ ಕಂಪನಿ ದುಡ್ಡು ಕೊಡಬೇಕಾಗುವುದು ಅದರ ತಪ್ಪು, ಅಂದ್ರೆ ನಿರ್ಲಕ್ಷ್ಯ, ಸಾಬೀತಾದಾಗ. ಸಾಬೀತಾಗುವುದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಆಸ್ಪತ್ರೆ ಕೌಂಟರ್ ಅಷ್ಟು ದಿನ ಕಾಯಲ್ಲ.

ಕಾಡು, ಬೆಟ್ಟದಲ್ಲಿ ಗೈಡ್ ಕೈಯಲ್ಲಿಲ್ಲದ ಸಂಗತಿಗಳೂ ಇರುತ್ತವೆ. ನೈರೋಬಿಯಿಂದ ಸುಮಾರು 90 ಕಿಲೋಮೀಟರ್ ದೂರದ ನೈವಾಷಾ ಪಕ್ಕದಲ್ಲಿ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿನ ಕಿರಿದಾದ ಕಲ್ಲಿನ ಕೊರಕಲಿನಲ್ಲಿ ನಡೆಯುವುದು ಪ್ರವಾಸಿಗರಿಗೆ ದೊಡ್ಡ ಆಕರ್ಷಣೆ. 2019ರ ಸೆಪ್ಟೆಂಬರ್ 1ರಂದು ದಿಢೀರ್ ಪ್ರವಾಹ ಬಂದು ಆ ಕೊರಕಲಿನಲ್ಲಿದ್ದ ಏಳು ಮಂದಿ ಕೊಚ್ಚಿಹೋದರು. ಸತ್ತವರಲ್ಲಿ ಸ್ಥಳೀಯ ಗೈಡ್ ಕೂಡ ಒಬ್ಬ. 2012ರ ಏಪ್ರಿಲ್‌ನಲ್ಲೂ ಅದೇ ಜಾಗದಲ್ಲಿ ಚರ್ಚ್ ಒಂದರ ಯುವಕರ ತಂಡ ಹೀಗೇ ಪ್ರವಾಹಕ್ಕೆ ಸಿಕ್ಕಿತ್ತು. ಇಂಥ ಕೊರಕಲುಗಳಲ್ಲಿ ನಾವು ನಿಂತ ಕಡೆ ಬಿಸಿಲಿದ್ದರೂ ಮೇಲೆ ದೂರದಲ್ಲಿ ಸುರಿದ ಮಳೆ ನಿಮಿಷಗಳಲ್ಲಿ ಕೆಳಗೆ ಬರುತ್ತೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಜಲಪಾತಗಳ ಬುಡಕ್ಕೆ ಇಳಿದವರಿಗೆ ಇದು ಹೊಸ ವಿಷಯವಲ್ಲ. ಮೇಲ್ಗಡೆ ಮಳೆ ಇದೆಯಾ ಎಂದು ಗೇಟಿನಲ್ಲಿ ಕೇಳಿ. ಗೈಡ್ "ಇವತ್ತು ಬೇಡ" ಅಂದರೆ ಕೊಟ್ಟ ದುಡ್ಡಿನ ಮುಖ ನೋಡಬೇಡಿ.

ಸಹಿ ಹಾಕುವ ಕಾಗದದಲ್ಲಿ ಏನಿರುತ್ತೆ?

ಸಗಾನಾದಲ್ಲಿ ರಾಫ್ಟಿಂಗ್, ಮಸಾಯಿ ಮಾರಾದಲ್ಲಿ ಬಿಸಿಗಾಳಿ ಬಲೂನು, ಕಾಡಿನಲ್ಲಿ ಜಿಪ್‌ಲೈನ್, ಮೌಂಟ್ ಕೀನ್ಯಾ ಚಾರಣ. ಇಂಥವಕ್ಕೆಲ್ಲ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ತಾರೆ. "ಅಪಾಯ ಗೊತ್ತಿದ್ದೇ ಬಂದಿದ್ದೇನೆ, ಏನಾದರೂ ಆದರೆ ಕಂಪನಿ ಹೊಣೆಯಲ್ಲ" ಎನ್ನುವುದು ಅದರ ಸಾರ. ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ ಯಾರೂ ಓದಲ್ಲ.

ಸಹಿ ಹಾಕಿದ ತಕ್ಷಣ ಎಲ್ಲ ಹಕ್ಕೂ ಹೋಯಿತು ಅಂತಲ್ಲ. ಹರಿದ ಹಗ್ಗ, ಬಕಲ್ ಇಲ್ಲದ ಲೈಫ್ ಜಾಕೆಟ್ ಕೊಟ್ಟು ಕಳುಹಿಸಿದ್ದರೆ ಅದನ್ನು ಪ್ರಶ್ನಿಸಬಹುದು. ಆದರೆ ಆ ಕಾಗದ ನಿಮ್ಮ ದಾರಿಯನ್ನು ಕಷ್ಟ ಮಾಡುತ್ತೆ, ವಕೀಲರ ಖರ್ಚು ಹೆಚ್ಚಿಸುತ್ತೆ. ಆದ್ದರಿಂದ ಸಹಿ ಮಾಡುವ ಮುಂಚೆ ಅದರ ಫೋಟೋ ತೆಗೆದುಕೊಳ್ಳಿ. ಕೊಟ್ಟ ಹೆಲ್ಮೆಟ್, ಜಾಕೆಟ್‌ನ ಫೋಟೋವನ್ನೂ ತೆಗೆಯಿರಿ. ಎರಡು ನಿಮಿಷದ ಕೆಲಸ.

ಇನ್ನೊಂದು, ರಸೀದಿ. ಗಲ್ಫ್‌ನಲ್ಲಿ ಗೆಳೆಯರ ಮೂಲಕ ನಡೆಯುವ ಪ್ಯಾಕೇಜ್‌ಗಳಲ್ಲಿ ದುಡ್ಡು ಹೋಗುವುದು ಯಾರದೋ ಸ್ವಂತ ಖಾತೆಗೆ. ಪೆಟ್ಟಾದ ಮೇಲೆ "ನಾನು ಬರೀ ಕೋಆರ್ಡಿನೇಟ್ ಮಾಡಿದ್ದು" ಅಂದರೆ ಕಥೆ ಮುಗಿಯಿತು. ಕಂಪನಿಯ ಹೆಸರು, ಪ್ರವಾಸದ ದಿನಾಂಕ, ಏನೇನು ಸೇರಿದೆ ಎಂದು ಬರೆದ ರಸೀದಿಯನ್ನೇ ಕೇಳಿ. ಕೀನ್ಯಾದಲ್ಲಿ ಟೂರ್ ಕಂಪನಿಗಳಿಗೆ ಪ್ರವಾಸೋದ್ಯಮ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಬೇಕು. ಆ ಲೈಸೆನ್ಸ್ ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ. ಭಾರತದ ಏಜೆಂಟ್ ಮೂಲಕ ಬುಕ್ ಮಾಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ರಸೀದಿ ಇಲ್ಲದಿದ್ದರೆ ಅಲ್ಲಿಯೂ ಕೈ ಖಾಲಿ.

ಗಲ್ಫ್‌ನ ಇನ್ಶೂರೆನ್ಸ್ ಕಾರ್ಡ್ ಇಲ್ಲಿ ನಡೆಯುತ್ತಾ?

ಕಂಪನಿ ಕೊಟ್ಟ ಹೆಲ್ತ್ ಕಾರ್ಡ್ ಪರ್ಸಿನಲ್ಲಿದೆ ಎಂಬ ಧೈರ್ಯದಲ್ಲಿ ಹೊರಡುವವರೇ ಹೆಚ್ಚು. ಕಾರ್ಮಿಕರಿಗೆ ಕೊಡುವ ಬೇಸಿಕ್ ಪ್ಲಾನ್‌ಗಳು ಸಾಮಾನ್ಯವಾಗಿ ಆ ದೇಶದೊಳಗೆ ಮಾತ್ರ. ಕಾರ್ಡಿನ ಹಿಂದೆ ಅಥವಾ ಪಾಲಿಸಿಯಲ್ಲಿ ರಕ್ಷಣೆ ಎಲ್ಲಿವರೆಗೆ ಎಂದು ಬರೆದಿರುತ್ತೆ, ನೋಡಿ. ಕೀನ್ಯಾ ಅದರಲ್ಲಿ ಇಲ್ಲ ಅಂದ್ರೆ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು.

ಟ್ರಾವೆಲ್ ಇನ್ಶೂರೆನ್ಸ್‌ನಲ್ಲೂ ಅಗ್ಗದ ಪಾಲಿಸಿ ತೆಗೆದು ನಿಶ್ಚಿಂತೆ ಆಗುವ ಹಾಗಿಲ್ಲ. ಬಹಳ ಪಾಲಿಸಿಗಳಲ್ಲಿ ರಾಫ್ಟಿಂಗ್, ಬಲೂನು, ಪರ್ವತಾರೋಹಣ ಸೇರಿರಲ್ಲ. ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ಎತ್ತರದ ಮಿತಿಯೂ ಇರುತ್ತೆ. ಮೌಂಟ್ ಕೀನ್ಯಾದಲ್ಲಿ ಚಾರಣಿಗರು ಹತ್ತುವ ಲೆನಾನಾ ಶಿಖರ 4,985 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ. ಪಾಲಿಸಿಯ ಮಿತಿ 3,000 ಮೀಟರ್ ಎಂದಿದ್ದರೆ, ಅದರ ಮೇಲೆ ಉಸಿರು ಕಟ್ಟಿ ಬಿದ್ದವರಿಗೆ ಕ್ಲೇಮ್ ಸಿಗಲ್ಲ. ಕುಡಿದು ಬಿದ್ದರೂ ಸಿಗಲ್ಲ.

ಏರ್ ಆಂಬುಲೆನ್ಸ್ ಇನ್ನೊಂದು ಲೆಕ್ಕ. ಮಾರಾದಂಥ ಜಾಗದಿಂದ ನೈರೋಬಿಗೆ ರಸ್ತೆಯಲ್ಲಿ ಬರಲು ಐದಾರು ಗಂಟೆ ಬೇಕು. 1957ರಲ್ಲಿ ಶುರುವಾದ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸಂಸ್ಥೆ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಈ ಸೇವೆ ಕೊಡುತ್ತೆ. ಪ್ರವಾಸಿಗರಿಗೆ ಅಲ್ಪಾವಧಿಯ ಸದಸ್ಯತ್ವವೂ ಇದೆ. ನಿಮ್ಮ ಪ್ಯಾಕೇಜ್‌ನಲ್ಲಿ ಅದು ಸೇರಿದೆಯಾ ಕೇಳಿ. ಆದರೆ ನೆನಪಿರಲಿ: ಆ ಸದಸ್ಯತ್ವ ನಿಮ್ಮನ್ನು ಆಸ್ಪತ್ರೆ ಬಾಗಿಲಿಗೆ ತರುತ್ತೆ. ಒಳಗಿನ ಬಿಲ್ ಬೇರೆ.

ಮೊದಲ ಎರಡು ದಿನ ಮಾಡಬೇಕಾದ್ದು

ಜೀವ ಮೊದಲು, ಕಾಗದ ಆಮೇಲೆ. ಕೀನ್ಯಾದ ತುರ್ತು ನಂಬರ್ 999 ಅಥವಾ 112. ತುರ್ತು ಚಿಕಿತ್ಸೆಯನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂದು ಕೀನ್ಯಾದ 2010ರ ಸಂವಿಧಾನದ 43ನೇ ವಿಧಿ ಹೇಳುತ್ತೆ. ಆದರೆ ತುರ್ತು ಹಂತ ದಾಟಿ ಆಪರೇಷನ್, ವಾರ್ಡ್ ಅಂತ ಬಂದಾಗ ಖಾಸಗಿ ಆಸ್ಪತ್ರೆಗಳು ಡಿಪಾಸಿಟ್ ಕೇಳುತ್ತವೆ. ಆದ್ದರಿಂದ ಜೊತೆಗಿದ್ದವರಲ್ಲಿ ಒಬ್ಬರು ಕೂಡಲೇ ಇನ್ಶೂರೆನ್ಸ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಬೇಕು. ಅವರ ಒಪ್ಪಿಗೆ ಬಂದರೆ ಬಿಲ್ ನೇರ ಅವರಿಗೇ ಹೋಗಬಹುದು. ಕೈಯಿಂದ ಕಟ್ಟಿ ಆಮೇಲೆ ಕೇಳುವುದಾದರೆ ಪ್ರತಿ ರಸೀದಿಯೂ ಬೇಕು, ಔಷಧಿ ಅಂಗಡಿಯ ಚೀಟಿ ಸಹಿತ.

ಎರಡನೆಯದು ಪೊಲೀಸ್. ರಸ್ತೆ ಅಪಘಾತವಾಗಲಿ, ಬೇರೆ ಅವಘಡವಾಗಲಿ, ಹತ್ತಿರದ ಠಾಣೆಯಲ್ಲಿ ಬರೆಸಿ ಓಬಿ ನಂಬರ್ ತೆಗೆದುಕೊಳ್ಳಿ. ಓಬಿ ಅಂದ್ರೆ ಠಾಣೆಯ ದಿನಚರಿ ಪುಸ್ತಕ. ಅಪಘಾತವಾದರೆ ಪೊಲೀಸ್ ಅಬ್‌ಸ್ಟ್ರಾಕ್ಟ್ ಎಂಬ ಪ್ರಮಾಣಪತ್ರ ಕೊಡ್ತಾರೆ. ಪಿ3 ಎಂಬ ಫಾರ್ಮ್‌ನಲ್ಲಿ ಡಾಕ್ಟರು ಗಾಯದ ವಿವರ ಬರೀತಾರೆ. ಈ ಎರಡು ಕಾಗದ ಇಲ್ಲದೆ ವಾಪಸ್ ವಿಮಾನ ಹತ್ತಿದರೆ ಆಮೇಲೆ ದೋಹಾದಲ್ಲಿ ಕೂತು ತರಿಸುವುದು ದೊಡ್ಡ ತಲೆನೋವು.

ವಾಹನ ಅಪಘಾತದಲ್ಲಿ ಕೀನ್ಯಾದ ಕಾನೂನು ಸ್ವಲ್ಪ ಆಸರೆ ಕೊಡುತ್ತೆ. ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದು ಒಳಗೆ ಕೂತ ಪ್ರಯಾಣಿಕರಿಗೂ ಅನ್ವಯ. ಆದರೆ ವಿಮಾ ಕಂಪನಿ ಕಾನೂನಿನ ಪ್ರಕಾರ ಕೊಡಬೇಕಾದ ಮೊತ್ತಕ್ಕೆ ಒಬ್ಬರಿಗೆ 30 ಲಕ್ಷ ಕೀನ್ಯಾ ಶಿಲ್ಲಿಂಗ್‌ನ ಮಿತಿ ಇದೆ. ಡಾಲರಿಗೆ 129 ಶಿಲ್ಲಿಂಗ್ ಲೆಕ್ಕದಲ್ಲಿ ಅದು ಸುಮಾರು 23,000 ಡಾಲರ್. ಅದಕ್ಕಿಂತ ಹೆಚ್ಚಿನದು ವಾಹನ ಮಾಲೀಕರಿಂದಲೇ ಬರಬೇಕು. ನಿರ್ಲಕ್ಷ್ಯದ ಮೇಲೆ ಹಾಕುವ ದಾವೆಗೆ ಮೂರು ವರ್ಷದ ಗಡುವು. ಕೇಸ್ ಹಾಕಿದ 30 ದಿನದೊಳಗೆ ವಿಮಾ ಕಂಪನಿಗೆ ನೋಟಿಸ್ ತಲುಪಿರಬೇಕು. ಇದಕ್ಕೆಲ್ಲ ನೈರೋಬಿಯ ವಕೀಲರೇ ಬೇಕು. ನಂಬರ್ ಪ್ಲೇಟಿನ ಫೋಟೋ, ಜೊತೆಗಿದ್ದವರ ಹೆಸರು-ಫೋನ್ ನಂಬರ್ ಮಾತ್ರ ಅವತ್ತೇ ನೀವೇ ಇಟ್ಟುಕೊಳ್ಳಬೇಕು.

ಹತ್ತು ವಾರದ ಲೆಕ್ಕ

ಒಂದು ಉದಾಹರಣೆ ಹಾಕಿಕೊಂಡು ನೋಡೋಣ. ಬೈಂದೂರು ಕಡೆಯ ಒಬ್ಬರು ಕತಾರ್‌ನಲ್ಲಿ ಫೋರ್‌ಮನ್, ತಿಂಗಳಿಗೆ 4,000 ರಿಯಾಲ್ ಸಂಬಳ ಅಂತಿಟ್ಕೊಳ್ಳಿ. ಗೈಡ್ ಜೊತೆ ಕೊರಕಲಿಗೆ ಇಳಿಯುವಾಗ ಕಲ್ಲು ಜಾರಿ ಕಾಲಿನ ಮೂಳೆ ಮುರಿಯಿತು. ನೈರೋಬಿಯಲ್ಲಿ ಆಪರೇಷನ್ ಆಯಿತು. ಡಿಸ್ಚಾರ್ಜ್ ಆದರೂ ಡಾಕ್ಟರು ವಿಮಾನಕ್ಕೆ ಬಿಡಲಿಲ್ಲ. ಜೊತೆಗೆ ಬಂದವರು ರಜೆ ಮುಗಿದು ಹೋದರು. ಅವರು ನ್ಗಾರಾದ ಒಂದು ಗೆಸ್ಟ್ ಹೌಸ್‌ನಲ್ಲಿ ಉಳಿದರು. ಎಲ್ಲ ಸೇರಿ ಮತ್ತೆ ಕೆಲಸಕ್ಕೆ ಹೋಗಲು ಹತ್ತು ವಾರ ಹಿಡಿಯಿತು.

ಇದು ಕೆಲಸದ ಜಾಗದ ಅಪಘಾತ ಅಲ್ಲ. ಆದ್ದರಿಂದ ಮಾಲೀಕರಿಂದ ಪರಿಹಾರ ಇಲ್ಲ, ಕಾಯಿಲೆ ರಜೆ ಮಾತ್ರ. ಕತಾರ್ ಕಾನೂನಿನಲ್ಲಿ ಮೂರು ತಿಂಗಳ ಸೇವೆ ಮುಗಿಸಿದವರಿಗೆ ಮೊದಲ ಎರಡು ವಾರ ಪೂರ್ತಿ ಸಂಬಳ, ಮುಂದಿನ ನಾಲ್ಕು ವಾರ ಅರ್ಧ, ಆಮೇಲೆ ಸೊನ್ನೆ. ಲೆಕ್ಕ ಹೀಗೆ:

ಮೊದಲ 14 ದಿನ, ಪೂರ್ತಿ ಸಂಬಳ: 1,867 ರಿಯಾಲ್
ಮುಂದಿನ 28 ದಿನ, ಅರ್ಧ ಸಂಬಳ: 1,867 ರಿಯಾಲ್
ಕೊನೆಯ 28 ದಿನ: 0
ಒಟ್ಟು ಕೈಗೆ ಬಂದದ್ದು: ಸುಮಾರು 3,733 ರಿಯಾಲ್
ಬರಬೇಕಾಗಿದ್ದದ್ದು: ಸುಮಾರು 9,333 ರಿಯಾಲ್

5,600 ರಿಯಾಲ್ ಬರೀ ಸಂಬಳದಲ್ಲೇ ಹೋಯಿತು. ಆಸ್ಪತ್ರೆ, ಗೆಸ್ಟ್ ಹೌಸ್, ಹೊಸ ಟಿಕೆಟ್ ಇದರಲ್ಲಿ ಸೇರಿಲ್ಲ. ಊರಲ್ಲಿ ಮನೆ ಸಾಲದ ಕಂತು, ಮಕ್ಕಳ ಫೀಸು ನಿಲ್ಲಲ್ಲ. ಟ್ರಾವೆಲ್ ಇನ್ಶೂರೆನ್ಸ್ ಆಸ್ಪತ್ರೆ ಖರ್ಚು ಕೊಟ್ಟರೂ ಹೋದ ಸಂಬಳವನ್ನು ಸಾಮಾನ್ಯವಾಗಿ ಕೊಡಲ್ಲ. ಅದಕ್ಕೇ ಪ್ಯಾಕೇಜ್ ದುಡ್ಡಿನ ಜೊತೆ ಎರಡು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು.

ಯುಎಇಯಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಕಾಯಿಲೆ ರಜೆ: 15 ದಿನ ಪೂರ್ತಿ, 30 ದಿನ ಅರ್ಧ, ಉಳಿದ 45 ಸಂಬಳವಿಲ್ಲ. ಸೌದಿಯಲ್ಲಿ 30 ದಿನ ಪೂರ್ತಿ, 60 ದಿನ ಮುಕ್ಕಾಲು, 30 ದಿನ ಸಂಬಳವಿಲ್ಲ. ಯಾವ ದೇಶವಾದರೂ ಕಂಪನಿಗೆ ಕೂಡಲೇ ಬರಹದಲ್ಲಿ ತಿಳಿಸಬೇಕು. ಯುಎಇಯಲ್ಲಿ ಮೂರು ದಿನದೊಳಗೆ ತಿಳಿಸಬೇಕು. ಎಚ್‌ಆರ್‌ಗೆ ವಾಟ್ಸ್‌ಆ್ಯಪ್ ವಾಯ್ಸ್ ಕಳಿಸಿ ಸುಮ್ಮನಾಗಬೇಡಿ. ಡಾಕ್ಟರ ವರದಿ ಸೇರಿಸಿ ಇಮೇಲ್ ಮಾಡಿ. ಆರು ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ಯುಎಇ, ಕತಾರ್ ರೆಸಿಡೆನ್ಸಿಗೇ ತೊಂದರೆ ಬರುತ್ತೆ ಎನ್ನುವುದೂ ತಲೆಯಲ್ಲಿರಲಿ.

ವಾಪಸ್ ವಿಮಾನ ಮತ್ತು ಹಳದಿ ಜ್ವರದ ಚೀಟಿ

ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ನೇರ ಏರ್‌ಪೋರ್ಟ್‌ಗೆ ಹೋದರೆ ಹತ್ತಿಸಿಕೊಳ್ಳದೆ ಇರಬಹುದು. ಹೊಸ ಪ್ಲಾಸ್ಟರ್ ಒಳಗೆ ಕಾಲು ಊದಿದರೆ ವಿಮಾನದಲ್ಲಿ ಅಪಾಯ. ಅದಕ್ಕೆ ಮೊದಲ 48 ಗಂಟೆ ವಿಮಾನ ಕಂಪನಿಗಳು ಕಟ್ಟುನಿಟ್ಟು. ಪ್ರಯಾಣಕ್ಕೆ ಯೋಗ್ಯ ಎಂಬ ಡಾಕ್ಟರ ಪತ್ರ ಬೇಕು. ಕಾಲು ಮಡಚಲು ಆಗದಿದ್ದರೆ ಹೆಚ್ಚುವರಿ ಸೀಟು ಬೇಕಾಗುತ್ತೆ. ಆ ಖರ್ಚೂ ಪಾಲಿಸಿಯಲ್ಲಿದೆಯಾ ಮೊದಲೇ ನೋಡಿ. ಗಲ್ಫ್‌ನಲ್ಲಿರುವವರು ಇನ್ನೊಂದನ್ನೂ ಗಮನಿಸಬೇಕು: ಪಾಲಿಸಿ ನಿಮ್ಮನ್ನು "ವಾಸದ ದೇಶಕ್ಕೆ" ಕಳಿಸುತ್ತಾ, ಊರಿಗೆ ಕಳಿಸುತ್ತಾ? ಒಬ್ಬರೇ ರೂಮಿನಲ್ಲಿರುವವರಿಗೆ ದೋಹಾಕ್ಕೆ ಹೋಗಿ ಮಲಗುವುದಕ್ಕಿಂತ ಊರಲ್ಲಿ ತಾಯಿ ಕೈಯ ಗಂಜಿಯೇ ವಾಸಿ.

ಊರಿಗೆ ಬರುವುದಾದರೆ ಹಳದಿ ಜ್ವರದ ಲಸಿಕೆ ಚೀಟಿ ಬೇಕು. ಕೀನ್ಯಾ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದವರ ಹತ್ತಿರ ಅದು ಇಲ್ಲದಿದ್ದರೆ ಪ್ರತ್ಯೇಕವಾಗಿ ಇಡಬಹುದು, ಗರಿಷ್ಠ ಆರು ದಿನ. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆ ಮಾತ್ರ ಚೀಟಿ ನಡೆಯುತ್ತೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಸುದ್ದಿ ಕೇಳಿ ಮಂಗಳೂರಿನಿಂದ ಓಡಿ ಬರುವ ಅಣ್ಣನಿಗೂ ವಾಪಸ್ ಹೋಗುವಾಗ ಇದೇ ನಿಯಮ. 2025ರ ಅಪಘಾತದಲ್ಲಿ ಮೃತದೇಹದ ಜೊತೆ ಹೊರಟ ಬಂಧುಗಳಿಗೆ ಈ ನಿಯಮದಿಂದ ವಿನಾಯಿತಿ ಕೊಡಿಸಲು ಕೇರಳದ ನೋರ್ಕಾ ಸಂಸ್ಥೆ ಮಧ್ಯೆ ಬರಬೇಕಾಯಿತು.

ಹೈಕಮಿಷನ್ ಏನು ಮಾಡುತ್ತೆ, ಏನು ಮಾಡಲ್ಲ

ನೈರೋಬಿಯಲ್ಲಿ ಭಾರತದ ಹೈಕಮಿಷನ್ ಇದೆ. ಪಾಸ್‌ಪೋರ್ಟ್ ಕಳೆದಿದ್ದರೆ ತುರ್ತು ಪ್ರಮಾಣಪತ್ರ, ಆಸ್ಪತ್ರೆ ಮತ್ತು ಪೊಲೀಸರ ಜೊತೆ ಮಾತುಕತೆ, ಮೃತದೇಹ ಕಳಿಸಲು ಬೇಕಾದ ಕಾಗದ, ಕುಟುಂಬಕ್ಕೆ ಮಾಹಿತಿ, ಇವು ಅವರಿಂದ ಸಿಗುವ ನೆರವು. ಪ್ರವಾಸಿಯ ಆಸ್ಪತ್ರೆ ಬಿಲ್ ಅವರು ಕಟ್ಟಲ್ಲ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ತುರ್ತು ಚಿಕಿತ್ಸೆಗೆ, ಮೃತದೇಹ ಸಾಗಿಸಲು ಸಹಾಯ ಸಿಗಬಹುದು. ಆದರೆ ಅದು ನಿಜಕ್ಕೂ ದುಡ್ಡಿಲ್ಲದವರಿಗೆ, ಪರಿಶೀಲನೆ ಮಾಡಿ ಕೊಡುವ ಹಣ.

ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಗಲ್ಫ್‌ಗೆ ಬಂದವರು ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಮಾಡಿಸಿಯೇ ಬಂದಿರುತ್ತಾರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ. ಮಾಲೀಕ ಬದಲಾದರೂ, ಜಾಗ ಬದಲಾದರೂ ಅವಧಿ ಇರುವವರೆಗೆ ಪಾಲಿಸಿ ಮುಂದುವರಿಯುತ್ತೆ. ಅವಧಿ ಎರಡು ಅಥವಾ ಮೂರು ವರ್ಷ ಮಾತ್ರ. ಆಮೇಲೆ ನವೀಕರಿಸಬೇಕು. ಆ ಕಾಗದ ಎಲ್ಲಿದೆ, ದಿನ ಮುಗಿದಿದೆಯಾ ಎಂದು ಇವತ್ತೇ ಹುಡುಕಿ ನೋಡಿ.

ಊರಲ್ಲಿರುವವರಿಗೆ

ಗಂಡನೋ ಮಗನೋ ಟೂರ್ ಹೊರಟಿದ್ದಾನೆ ಅಂದ್ರೆ ಫೋಟೋ ಕಳಿಸು ಅಂತ ಹೇಳುವ ಮುಂಚೆ ಐದು ಕಾಗದ ಕಳಿಸು ಅನ್ನಿ. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸಿ ಪ್ರತಿ, ಟ್ರಾವೆಲ್ ಪಾಲಿಸಿ ಮತ್ತು ಅದರ ಸಹಾಯವಾಣಿ ನಂಬರ್, ಟೂರ್ ಕಂಪನಿಯ ರಸೀದಿ, ದಿನವಹಿ ಪ್ರವಾಸದ ಪಟ್ಟಿ, ಗಲ್ಫ್ ಕಂಪನಿಯ ಎಚ್‌ಆರ್ ನಂಬರ್. ಬ್ಯಾಂಕ್ ಖಾತೆ, ಎಲ್‌ಐಸಿ, ಟ್ರಾವೆಲ್ ಪಾಲಿಸಿಗಳಲ್ಲಿ ನಾಮಿನಿ ಯಾರು ಎಂದೂ ಕೇಳಿಕೊಳ್ಳಿ. ಮದುವೆಯಾಗಿ ಹತ್ತು ವರ್ಷವಾದರೂ ನಾಮಿನಿ ಜಾಗದಲ್ಲಿ ತೀರಿಕೊಂಡ ತಂದೆಯ ಹೆಸರೇ ಉಳಿದಿರುವ ಖಾತೆಗಳು ಇರುತ್ತವೆ.

ಇದನ್ನು ಕೇಳುವುದು ಅಪಶಕುನ ಅಂತ ಹಿಂಜರಿಯುವ ಮನೆಗಳುಂಟು. ಆದರೆ ಬಸ್ಸು ಹತ್ತುವಾಗ ಟಿಕೆಟ್ ತೆಗೆಯುವುದು ಬಸ್ಸು ಕೆಟ್ಟು ನಿಲ್ಲಲಿ ಅಂತಲ್ಲ. ಪ್ಯಾಕೇಜ್‌ಗೆ ಸಾವಿರಾರು ರಿಯಾಲ್ ಕೊಡುವವರು ಪಾಲಿಸಿಗೆ ಇನ್ನೊಂದಿಷ್ಟು ಕೊಟ್ಟು, ಅರ್ಧ ಗಂಟೆ ಕೂತು ಕಾಗದ ಓದಿದರೆ ಸಾಕು. ನ್ಗಾರಾದಂಥ ಗುರುತು ಪರಿಚಯವಿಲ್ಲದ ಜಾಗದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಮಲಗುವ ದಿನ ಬಂದರೂ, ಊರಿನ ಒಲೆ ಉರಿಯುತ್ತಿದೆ ಎಂಬ ಸಮಾಧಾನ ಇರುತ್ತೆ.